ಠಾಣೆಯಲ್ಲೇ ಉಳಿದ ಅಪ್ಪನ ಕೋವಿ

ಬೊಮ್ಮಸಂದ್ರದ ಕಾರ್ಖಾನೆಯ ಗೇಟಿನಲ್ಲಿ ಹೊಡೆದಾಡಿ ಅಣ್ಣ ಜೈಲು ಕಂಡು ಬಂದ. ಬಂದವನಿಗೆ ತೀರಿಹೋದ ಅಪ್ಪನ ಕೋವಿ ಬೇಕಂತೆ, ಹಂದಿ ಬೇಟೆಗೆ! ನಳಿಗೆಯ ಬಾಯಿಂದ ಮದ್ದು ತುಂಬುವ ಆ ಹಳೇ ಕೋವಿಯನ್ನು ಚುನಾವಣೆಯ ಕಾಲಕ್ಕೆ ಠಾಣೆಗೆ ಒಪ್ಪಿಸಿದ್ದೆವು. ಅವನ ಮುಂಗೋಪ ಬಲ್ಲ ನಾನು ಕೋವಿ ಸಿಗದಿರಲಿ ಎಂದು ಹರಕೆ ಹೊತ್ತೇ ಜೊತೆಗೆ ಹೋದೆ.

“ಶಿಕ್ಷೆ ಆಗಿರೋ ನಿಮಗೆ ಈಗ ಲೈಸೆನ್ಸ್ ಸಿಗಲ್ಲ ಕಣ್ರೀ. ಸಿಕ್ಕಿದ್ರೂ ಬೇಟೆ ಆಡಂಗಿಲ್ಲ, ಯಾರೂ ಆಡಂಗಿಲ್ಲ,” ಎಂದರು ಇನ್ಸ್‌ಪೆಕ್ಟರ್. ನನಗೆ ಹೋದ ಜೀವ ಬಂದಂತಾಯಿತು.

ಆ ವರ್ಷದ ಆಯುಧಪೂಜೆಗೆ ಅತ್ತಿಗೆ ಕೋವಿಯ ಜಾಗದಲ್ಲಿ ಈಳಿಗೆಮಣೆ ಇಟ್ಟು ಕುಂಕುಮ ಹಚ್ಚಿದರು. ಅಣ್ಣ ಮುಖ ಗಂಟು ಹಾಕಿಕೊಂಡ.

“ಇದಕ್ಕೆ ಲೈಸೆನ್ಸ್ ಬೇಡ ಕಣ್ರೀ,” ಎಂದರು ಅತ್ತಿಗೆ. “ಇವತ್ತು ಪೂಜೆ, ಮುಟ್ಟಬೇಡಿ. ನಾಳೆಯಿಂದ ತರಕಾರಿ ನೀವೇ ಹೆಚ್ಚಿ.”