ಅಗಸಿ ಬಾಗಿಲಿನ ಶಾಸನ

ಎಪ್ಪತ್ತರ ದಶಕದಲ್ಲಿ ಹುನಗುಂದ ತಾಲೂಕಿನ ಒಂದು ಹಳ್ಳಿಯಲ್ಲಿ ಏಳನೇ ಇಯತ್ತೆಗೆ ಇತಿಹಾಸ ಕಲಿಸುತ್ತಿದ್ದೆ. ಚಾಲುಕ್ಯರ ಪಾಠ ಓದಿ ಹೇಳಿದರೆ ಮಕ್ಕಳು ಆಕಳಿಸುತ್ತಿದ್ದರು. ಊರ ಅಗಸಿ ಬಾಗಿಲಲ್ಲೇ ಹಳೆಯ ಶಾಸನ ನಿಂತಿರುವಾಗ ಈ ಪುಸ್ತಕ ಯಾಕೆ ಎಂದು ಅವರನ್ನು ಅಲ್ಲಿಗೇ ಕರೆದೊಯ್ದೆ. ಸೀಮೆಸುಣ್ಣದ ಪುಡಿ ತಿಕ್ಕಿ ಒಂದೊಂದೇ ಅಕ್ಷರ ಬಿಡಿಸಿ ಓದಿಸಿದೆ. ಕೆರೆಯ ಮೂಡಲಿನ ಹೊಲವನ್ನು ಮಕ್ಕಳಿಗೆ ಅಕ್ಷರ ಕಲಿಸುವವರಿಗೆ ದತ್ತಿ ಬಿಟ್ಟಿದೆ ಎಂದು ಕೆಳಗಿನ ಸಾಲುಗಳಲ್ಲಿತ್ತು.

"ಸರ್, ಅದು ಗೌಡ್ರ ಹೊಲ ಅಲ್ಲೇನ್ರಿ?" ಎಂದಳು ಒಬ್ಬಳು ಹುಡುಗಿ.

ಸಂಜೆಯೊಳಗೆ ಈ ಮಾತು ಗೌಡರ ಮನೆ ಮುಟ್ಟಿತು. ಅವರು ಸಿಟ್ಟಾಗಿದ್ದರೆ ಚಲೋ ಇತ್ತು. ಅವರಿಗೆ ಭಕ್ತಿ ಬಂತು.

ಮುಂದಿನ ಸೋಮವಾರ ಕಲ್ಲಿಗೆ ಸುಣ್ಣ ಬಳಿಸಿ, ಕುಂಕುಮ ಹಚ್ಚಿ, ಕಾಯಿ ಒಡೆಸಿದರು. ಸುತ್ತ ಸಿಮೆಂಟಿನ ಕಟ್ಟೆ ಎದ್ದಿತು. ಹೊಲದ ಮಾತಿದ್ದ ಕೆಳಗಿನ ಸಾಲುಗಳು ಅದರೊಳಗೆ ಹೂತುಹೋದವು.

"ಗೌಡ್ರ, ಅಕ್ಷರ ಎಲ್ಲಾ ಮುಚ್ಚಿ ಹೋದುವಲ್ರಿ," ಎಂದೆ.

"ಇಷ್ಟು ದಿನ ನಮಗ ತಿಳಿದಿದ್ದಿಲ್ಲ ಮಾಸ್ತರ್ರ. ಭಾಳ ದೊಡ್ಡ ಕಲ್ಲು ಅಂತ ನೀವ ತೋರಿಸಿಕೊಟ್ರಿ. ಇನ್ನ ಯಾರೂ ಮುಟ್ಟಂಗಿಲ್ಲ," ಎಂದು ನನ್ನ ಕೈಗೆ ಪ್ರಸಾದ ಇಟ್ಟರು.

ಸಾಲಿ ತಪಾಸಣೆಗೆ ಬಂದ ಸಾಹೇಬರನ್ನು ಅಲ್ಲಿಗೆ ಕರೆದೊಯ್ದು ಎಲ್ಲ ಹೇಳಿದೆ. ಅವರು ಬೂಟು ಬಿಚ್ಚಿ, ಕಲ್ಲಿಗೆ ಕೈಮುಗಿದು, "ಪುಸ್ತಕದಾಗ ಇದ್ದಷ್ಟು ಹೇಳ್ರಿ, ಸಾಕು," ಎಂದರು.

ವಾರ್ಷಿಕ ಪರೀಕ್ಷೆಯಲ್ಲಿ 'ಶಾಸನ ಎಂದರೇನು?' ಎಂದು ಕೇಳಿದ್ದೆ. ಅದೇ ಹುಡುಗಿ 'ಓದದೆ ಕೈಮುಗಿಯುವ ಕಲ್ಲು' ಎಂದು ಬರೆದಿದ್ದಳು. ಪುಸ್ತಕದಲ್ಲಿದ್ದ ಉತ್ತರ ಅದಲ್ಲ. ಪೂರ್ತಿ ಅಂಕ ಕೊಟ್ಟೆ.