ಚೀಲದ ತಳಕ್ಕ ಕೈ

ಮುಂಬೈ ಬಂದರಿನಾಗ ವಿಹಾರದ ಹಡಗ ಹತ್ತೂಕಿಂತ ಮೊದಲ ಕೊರೊನಾ ತಪಾಸಣಿ ಇತ್ತು. ಗುಂಪಿಗೆ ಒಬ್ಬರನ್ನಷ್ಟ ಆರಿಸಿ ಮೂಗಿಗೆ ಕಡ್ಡಿ ಹಾಕತಿದ್ರು; ಅವರಿಗೆ ರೋಗ ಇದ್ರ ಇಡೀ ಗುಂಪು ವಾಪಸ್. ನಾವು ಬ್ಯಾಡಗಿ ಮೆಣಸಿನಕಾಯಿ ವ್ಯಾಪಾರಸ್ಥರು ಆರು ಮಂದಿ, ನನಗ ನೆಗಡಿ. ರೈತರು ಚೀಲದ ಬಾಯಿಗೆ ಛಲೋ ಕಾಯಿ ಇಡೂವಂಗ, ಗಟ್ಟಿಮುಟ್ಟಾದವರನ್ನ ಮುಂದ ನಿಲ್ಲಿಸಿ ನಾನು ಹಿಂದ ಅಡಗಿದೆ.

ನರ್ಸಬಾಯಿ ನಮ್ಮ ಆಧಾರ್ ಕಾರ್ಡಿನಾಗ ಊರು ಓದಿ, "ಮೆಣಸಿನಕಾಯಿ ವ್ಯಾಪಾರಸ್ಥರೇನ್ರಿ?" ಅಂತ ನಕ್ಕಳು. ಮುಂದಿನವರನ್ನ ಸರಿಸಿ ಸೀದಾ ನನ್ನ ಕರದಳು.

"ನಾನ ಯಾಕವಾ?"

"ನಾನು ನಿಮ್ಮ ಕಡೇ ಐರಣಿ ಊರಾಕಿ ರೀ ಸಾವ್ಕಾರ್ರ. ನಮ್ಮಪ್ಪ ಬ್ಯಾಡಗಿ ಪ್ಯಾಟಿಗೆ ಚೀಲ ತಂದ್ರ ನೀವು ವ್ಯಾಪಾರಸ್ಥರು ಮ್ಯಾಲಿನ ಕಾಯಿ ಎಲ್ಲಿ ನೋಡ್ತಿದ್ರಿ? ತಳಕ್ಕ ಕೈ ಹಾಕ್ತಿದ್ರಿ. ಮೂಗು ಮ್ಯಾಲೆತ್ರಿ."

ರಿಪೋರ್ಟಿನ್ಯಾಗ ರೋಗ ಇರಲಿಲ್ಲ ಖರೇ. ಆದ್ರ ಆಕಿ ಕಡ್ಡಿ ಮಾತ್ರ ತಳಾ ಮುಟ್ಟೇ ಬಂತು.