ದೋಟಿ ಜಾತಿಯ ಗಿಟಾರು

ನನ್ನ ಗಿಟಾರಿಗೆ ಮಳೆಯೆಂದರೆ ಲೆಕ್ಕಕ್ಕೇ ಇಲ್ಲ. ಇದನ್ನು ಹೇಳುವಾಗ ನನಗೆ ಸ್ವಲ್ಪ ಜಂಬ ಬರುತ್ತದೆ. ಬರಲಿ. ಬಟ್ಟೆ ಒಣಗಿಸುವುದೇ ಒಂದು ವಿದ್ಯೆಯಾಗಿರುವ ಈ ಸೀಮೆಯಲ್ಲಿ ಮರದ ಗಿಟಾರೊಂದನ್ನು ವರ್ಷಗಟ್ಟಲೆ ಸಾಕಿದವಳು ನಾನು. ಜಂಬಪಡುವ ಹಕ್ಕನ್ನು ಬೆವರು ಸುರಿಸಿಯೇ ಸಂಪಾದಿಸಿದ್ದೇನೆ.

ಹುಟ್ಟಿದ್ದು ಆಲಂಕಾರಿನಲ್ಲಿ, ಗಿಟಾರ್ ಕಲಿತದ್ದು ಪುತ್ತೂರಿನಲ್ಲಿ. ಕಾಲೇಜು ಬಿಟ್ಟ ಮೇಲೆ ಬಸ್ಸಿಗೆ ಕಾಯುವ ಹೊತ್ತು ಸುಮ್ಮನೆ ಹಾಳಾಗುತ್ತದೆಂದು ಅಪ್ಪನಿಗೆ ನೆಪ ಹೇಳಿ, ಪೇಟೆಯ ಚಪ್ಪಲಿ ಅಂಗಡಿಯೊಂದರ ಮಾಳಿಗೆಯಲ್ಲಿ ನಡೆಯುತ್ತಿದ್ದ ಕ್ಲಾಸಿಗೆ ಸೇರಿದ್ದೆ. ಮದುವೆಯಾಗಿ ಐವರ್ನಾಡಿಗೆ ಬಂದಾಗ ಸೀರೆಯ ಪೆಟ್ಟಿಗೆಯ ಹಿಂದೆಯೇ ಗಿಟಾರಿನ ಪೆಟ್ಟಿಗೆಯೂ ಜೀಪಿನಿಂದ ಇಳಿಯಿತು. ನೆರೆಕರೆಯವರು ಮದುಮಗಳ ಮುಖಕ್ಕಿಂತ ಹೆಚ್ಚಾಗಿ ಅದನ್ನೇ ನೋಡಿದರು.

ಮರದ ಗಿಟಾರು ನೀರು ಕುಡಿಯುತ್ತದೆ. ಇದು ಮಾತಿಗೆ ಹೇಳಿದ್ದಲ್ಲ. ಜೂನ್ ತಿಂಗಳಲ್ಲಿ ಅದರ ಎದೆ ಉಬ್ಬುತ್ತದೆ, ಕುತ್ತಿಗೆ ಬಾಗುತ್ತದೆ, ತಂತಿಗಳು ಮೇಲೆದ್ದು ಬೆರಳ ತುದಿ ಸುಲಿಯುತ್ತದೆ. ಮಾರ್ಚ್ ಬಂದರೆ ಅದೇ ಮರ ಒಣಗಿ ಕುಗ್ಗಿ, ಕುತ್ತಿಗೆಯಲ್ಲಿ ಅಡ್ಡಕ್ಕೆ ಕೂರಿಸಿದ ಲೋಹದ ಪಟ್ಟಿಗಳು ಹೊರಗೆ ಇಣುಕಿ ಅಂಗೈ ಗೀರುತ್ತವೆ. ಪೆಟ್ಟಿಗೆಯೊಳಗೆ ಇಟ್ಟರೆ ಬೂಷ್ಟು, ಹೊರಗೆ ಇಟ್ಟರೆ ಗೆದ್ದಲು. ಕೊನೆಗೆ ಕಪಾಟಿನೊಳಗೆ ಹಗಲೂ ಇರುಳೂ ಒಂದು ಬಲ್ಬ್ ಉರಿಸಿ, ಆ ಬಿಸಿಯಲ್ಲಿ ಅದನ್ನು ನಿಲ್ಲಿಸುತ್ತಿದ್ದೆ. ಮನೆಗೆ ಯಾರು ಬಂದರೂ ಅತ್ತೆ ಆ ಕಪಾಟು ತೋರಿಸಿ, “ನಮ್ಮಲ್ಲಿ ಒಂದು ಬಾಳಂತಿ ಉಂಟು ಮಾರಾಯ್ರೆ, ವರ್ಷವಿಡೀ ಬಾಳಂತಿಯೇ. ಬಿಸಿನೀರು ಎರೆಯುದು ಒಂದು ಬಾಕಿ” ಎನ್ನುತ್ತಿದ್ದರು. ಬಂದವರು ನಗುತ್ತಿದ್ದರು. ನಾನೂ ನಗುತ್ತಿದ್ದೆ, ಒಳಗೊಳಗೆ ಉರಿಯುತ್ತಿತ್ತು.

ಆದರೂ ಅದನ್ನು ಸಾಕಿದ್ದಕ್ಕೆ ಕಾರಣವಿತ್ತು. ನಮ್ಮ ಊರಿನ ಭಜನಾ ಮಂದಿರದಲ್ಲಿ ಪ್ರತಿ ಶನಿವಾರ ಸಂಜೆ ಭಜನೆ. ಮಂಡಳಿಯ ಹಾರ್ಮೋನಿಯಂ ನನ್ನ ಮಾವನವರದ್ದು. ಭಜನೆಯಲ್ಲಿ ಶ್ರುತಿ ಕೊಡುವವರ ಮಾತೇ ಮಾತು. ಮಾವ ಅದರ ಎರಡನೇ ಕಪ್ಪು ಕೀಯ ಮೇಲೆ ಬೆರಳಿಟ್ಟು ಗಾಳಿ ಹಾಕಿದರೆ ಅಲ್ಲಿಯವರೆಗೆ ಪಟ್ಟಾಂಗ ಹೊಡೆಯುತ್ತಿದ್ದವರೆಲ್ಲ ಗಪ್‌ಚಿಪ್. ಮದುವೆಯಾಗಿ ಕೆಲವು ವರ್ಷಗಳ ನಂತರ, ಅತ್ತೆ ಬೆನ್ನುಬಿದ್ದು ಹೇಳಿದ ಮೇಲೆ, ಮಾವನ ಎಡಪಕ್ಕದಲ್ಲಿ ಚಾಪೆಯ ಒಂದು ಮೂಲೆ ನನಗೂ ನನ್ನ ಗಿಟಾರಿಗೂ ಸಿಕ್ಕಿತು. ಮದುವೆಯಾಗಿ ಬಂದ ಊರಿನಲ್ಲಿ ನನ್ನದು ಅಂತ ಅನ್ನಿಸಿದ ಮೊದಲ ಜಾಗ ಅದು. ಅಡುಗೆಮನೆ ಅತ್ತೆಯದ್ದು, ತೋಟ ಮಾವನದ್ದು, ಕೋಣೆಯಲ್ಲಿ ಅರ್ಧ ಗಂಡನದ್ದು. ಆ ಮೂಲೆ ಮಾತ್ರ ಪೂರ್ತಿ ನನ್ನದು.

ಅದನ್ನು ಕಳೆದುಕೊಂಡದ್ದು ಒಂದು ಶ್ರಾವಣದ ಶನಿವಾರ. ಮಂದಿರ ತುಂಬಿತ್ತು, ಹೊರಗೆ ಮಳೆ ಧೋ ಎನ್ನುತ್ತಿತ್ತು. ಮಂಗಳ ಹಾಡುವ ಹೊತ್ತಿಗೆ ಗಿಟಾರಿನ ಕೆಳಗೆ ತಂತಿಗಳನ್ನು ಹಿಡಿದಿರುವ ಮರದ ಪಟ್ಟಿ ಅಂಟು ಬಿಟ್ಟು ‘ಫಟ್’ ಎಂದು ಹಾರಿತು. ಎದುರು ಕೂತಿದ್ದ ಮಗುವೊಂದು ಬೆಚ್ಚಿ ಅತ್ತಿತು. ತಬಲದವರು ಬಡಿಯುವುದನ್ನು ನಿಲ್ಲಿಸದೆಯೇ, “ದುರ್ಸು ಪಟಾಕಿ ಇವತ್ತೇ ಬಿಟ್ರಾ? ದೀಪಾವಳಿಗೆ ಇನ್ನೂ ಸಮಯ ಉಂಟಲ್ಲ!” ಎಂದರು. ದೇವರ ಮುಂದೆ ಮಂದಿರವಿಡೀ ನಕ್ಕಿತು. ಮಾವ ನಗಲಿಲ್ಲ. ಮನೆಗೆ ಬಂದು ಕಾಲು ತೊಳೆಯುತ್ತಾ ಮೆಲ್ಲಗೆ ಹೇಳಿದರು:

“ನಂಬ್ಲಿಕ್ಕೆ ಆಗದ ವಾದ್ಯ ಶ್ರುತಿಯ ಹತ್ತಿರ ಬೇಡ ಮಗಳೇ. ನೀನು ಇನ್ನು ತಾಳ ಹಾಕು.”

ಬೈದಿದ್ದರೆ ತಿರುಗಿ ಮಾತಾಡುತ್ತಿದ್ದೆ. ಮಾವ ಬೈಯಲಿಲ್ಲ. ಮುಂದಿನ ಶನಿವಾರದಿಂದ ಹೆಂಗಸರ ಸಾಲಿನ ಕೊನೆಯಲ್ಲಿ ಕೂತು ತಾಳ ಕುಟ್ಟಿದೆ. ನನ್ನ ಮೂಲೆಯಲ್ಲಿ ಯಾರೋ ಛತ್ರಿ ಇಡತೊಡಗಿದರು. ಆ ಛತ್ರಿ ನೋಡಿದಾಗೆಲ್ಲ ನನಗೆ ಅಳು ಬರುತ್ತಿತ್ತು.

ದಾರಿ ತೋರಿಸಿದ್ದು ಮಾವನ ದೋಟಿ. ಅಡಿಕೆ ಗೊನೆ ಕೊಯ್ಯಲು, ಮದ್ದು ಬಿಡಲು ನಮ್ಮಲ್ಲಿ ಈಗ ಕಾರ್ಬನ್ ಫೈಬರ್ ದೋಟಿ ಬಂದಿದೆ. ಕೊಳವೆಯೊಳಗೆ ಕೊಳವೆ, ಎಳೆದಷ್ಟೂ ಉದ್ದ. ಮರ ಹತ್ತುವ ಕೆಲಸವಿಲ್ಲ, ನೆಲದಲ್ಲೇ ನಿಂತು ಕತ್ತೆತ್ತಿ ಕೊಯ್ಯುವುದು. ಮಾವನಿಗೆ ಅದೆಂದರೆ ಪ್ರಾಣ. ಅದನ್ನು ಒರೆಸಲು ಒಂದು ಹಳೆಯ ಪಂಚೆಯ ತುಂಡು ಇಟ್ಟಿದ್ದಾರೆ, ಆ ತುಂಡನ್ನು ಅತ್ತೆಯೂ ಮುಟ್ಟುವ ಹಾಗಿಲ್ಲ. ಒಂದು ದಿನ ಮಾವ ಒಳಗಿಡಲು ಮರೆತು, ಅಂಗಳದ ಬದಿಯಲ್ಲಿ ಆ ದೋಟಿ ಮಳೆಯಲ್ಲಿ ತೋಯುತ್ತಾ ಬಿದ್ದಿತ್ತು. ಮಧ್ಯಾಹ್ನ ಬಿಸಿಲು ಬಂತು, ಸಂಜೆ ಮತ್ತೆ ಮಳೆ. ಮರುದಿನ ಮಾವ ಎತ್ತಿ ನೋಡಿದರೆ ಒಂದೆಳೆ ಬಾಗಿಲ್ಲ, ಉಬ್ಬಿಲ್ಲ. ಕಪಾಟಿನ ಬಾಳಂತಿಯನ್ನೂ ಅಂಗಳದ ಈ ಗಟ್ಟಿಗಿತ್ತಿಯನ್ನೂ ಒಟ್ಟಿಗೆ ನೆನೆದು, ಗಿಟಾರನ್ನೂ ಇದರಿಂದಲೇ ಮಾಡಬಾರದೇ ಎಂದುಕೊಂಡೆ. ಮೊಬೈಲಿನಲ್ಲಿ ಹುಡುಕಿದರೆ, ನನಗಿಂತ ಮೊದಲೇ ಯಾರಿಗೋ ಅದು ಹೊಳೆದಿತ್ತು.

ಟ್ಯೂಷನ್ ಹೇಳಿಕೊಟ್ಟು ಕೂಡಿಟ್ಟದ್ದನ್ನು ಒಂದೇ ಏಟಿಗೆ ಖಾಲಿ ಮಾಡಿ ತರಿಸಿದೆ. ಪಾರ್ಸೆಲ್ ಸುಳ್ಯಕ್ಕೆ ಬಂತು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಬಂದೆ, ಕಂಡಕ್ಟರು ದಾಟಿಕೊಂಡು ಓಡಾಡಬೇಕಾಯಿತು. ಮನೆಯಲ್ಲಿ ಬಿಚ್ಚಿದಾಗ ಅತ್ತೆ ಒಂದು ಹೆಜ್ಜೆ ಹಿಂದೆ ಸರಿದರು.

“ಎಂತ ಇದು, ದೋಸೆ ಕಾವಲಿಯ ಹಾಗೆ ಕಪ್ಪು?”

ಕಪ್ಪೇ. ಆದರೆ ಕಿಟಕಿಯ ಬೆಳಕಿಗೆ ಹಿಡಿದರೆ ಆ ಕಪ್ಪಿನೊಳಗೆ ಚಾಪೆ ಹೆಣೆದಂಥ ನೇಯ್ಗೆ ಕಾಣುತ್ತದೆ, ತಿರುಗಿಸಿದಂತೆಲ್ಲ ಹೊಳೆಯುತ್ತದೆ. ಕುತ್ತಿಗೆಗೂ ಒಡಲಿಗೂ ನಡುವೆ ಜೋಡಿಸಿದ ಗುರುತೇ ಇಲ್ಲ, ಇಡೀ ಗಿಟಾರು ಒಂದೇ ತುಂಡು. ಹಗುರ, ಆದರೆ ಹಿಡಿದರೆ ಕೈಯೊಳಗೆ ಗಟ್ಟಿಯಾಗಿ ಕೂರುತ್ತದೆ. ಮರದ ವಾಸನೆ ಇಲ್ಲ, ಅದೊಂದು ಕೊರತೆ ಎಂದು ಒಪ್ಪುತ್ತೇನೆ. ಹಳೆಯದರ ಹೊಟ್ಟೆಯೊಳಗೆ ಮೂಗಿಟ್ಟರೆ ಪುತ್ತೂರಿನ ಆ ಮಾಳಿಗೆಯೇ ನೆನಪಾಗುತ್ತಿತ್ತು. ಆದರೆ ಮೊದಲ ಬಾರಿ ಎಲ್ಲ ತಂತಿಗಳ ಮೇಲೆ ಬೆರಳೆಳೆದಾಗ ಎದ್ದ ಸ್ವರ ಜಗಲಿ ದಾಟಿ ಕೊಟ್ಟಿಗೆಯವರೆಗೆ ಹೋಯಿತು. ಹಸು ತಲೆಯೆತ್ತಿ ನೋಡಿತು. ಮೇಲಿನ ದಪ್ಪ ತಂತಿಯ ನಾದ ನಾನು ಬೆರಳು ತೆಗೆದ ಮೇಲೂ ಮುಗಿಯಲೊಲ್ಲದು. ನನಗೆ ಕುಣಿಯಬೇಕೆನ್ನಿಸಿತು. ಅತ್ತೆ ಎದುರಿಗಿದ್ದರೆಂದು ಸುಮ್ಮನಾದೆ.

ತೋಟದಿಂದ ಬಂದ ಮಾವ ಗಿಟಾರಿನ ಬೆನ್ನಿಗೆ ಬೆರಳ ಗಂಟಿನಿಂದ ಟಕಟಕ ಬಡಿದರು. ದೋಟಿ ಕೊಳ್ಳುವಾಗಲೂ ಹೀಗೆಯೇ ಬಡಿದು ನೋಡಿದ್ದರು. ಅವರ ಮುಖ ಅರಳಿತು.

“ಇದು ನಮ್ಮ ದೋಟಿಯ ಜಾತಿ ಅಲ್ವಾ?”

“ಹೌದು ಮಾವ, ಅದೇ ಜಾತಿ.”

“ಹಾಗಾದ್ರೆ ಇದಕ್ಕೆ ಸಾವಿಲ್ಲ ಬಿಡು,” ಎಂದು ತಿರುಗಿಸಿ ಮುರುಗಿಸಿ ನೋಡಿದರು. ಕೆಳಗೆ ವಯರ್ ಸಿಕ್ಕಿಸುವ ತೂತು ಕಣ್ಣಿಗೆ ಬಿತ್ತು. ಇದು ಎಂತಕ್ಕೆ ಎಂದು ಕೇಳಿದರು. ಮೈಕಿನ ಸೆಟ್ಟಿಗೆ ಜೋಡಿಸಲು ಎಂದೆ. ಅರಳಿದ ಮುಖ ಅಲ್ಲಿಗೇ ಬಾಡಿತು.

ದೋಟಿ ತರಬೇತಿಗೆ ಹೋದವರಿಗೆ ಮೊದಲು ಹೇಳಿಕೊಡುವ ಪಾಠ ಒಂದೇ: ಮೇಲೆ ಕರೆಂಟ್ ಲೈನ್ ಇದೆಯೋ ನೋಡು, ಆಮೇಲೆ ದೋಟಿ ಎತ್ತು. ಕಾರ್ಬನ್ನಿನಲ್ಲಿ ಕರೆಂಟ್ ಹರಿಯುತ್ತದೆ, ತಾಗಿದರೆ ಮನುಷ್ಯ ಉಳಿಯುವುದಿಲ್ಲ. ಮಾವ ಇದನ್ನು ಎಷ್ಟು ನಿಷ್ಠೆಯಿಂದ ಪಾಲಿಸುತ್ತಾರೆಂದರೆ, ಗುಡ್ಡದ ನೆತ್ತಿಯಲ್ಲಿ, ಸುತ್ತ ಎಲ್ಲೂ ಕಂಬವೇ ಇಲ್ಲದಲ್ಲಿಯೂ ದೋಟಿ ಎತ್ತುವ ಮೊದಲು ಆಕಾಶ ನೋಡುತ್ತಾರೆ.

“ದೋಟಿಯನ್ನು ಲೈನಿಗೆ ತಾಗಿಸ್ಬಾರದು. ನೀನು ಅದನ್ನೇ ಮಡಿಲಲ್ಲಿ ಇಟ್ಕೊಂಡು ಕರೆಂಟಿಗೆ ಸಿಕ್ಕಿಸುದಾ? ಆಗುದಿಲ್ಲ. ನಾನಿರುವಷ್ಟು ದಿನ ಆಗುದಿಲ್ಲ.”

“ಮಾವ, ಅದರಲ್ಲಿ ಬರುದು ಲೈನಿನ ಕರೆಂಟ್ ಅಲ್ಲ. ಇಷ್ಟು ಸಣ್ಣದು. ಇರುವೆಗೂ ಎಂತ ಆಗುದಿಲ್ಲ.”

“ಕರೆಂಟಿಗೆ ಸಣ್ಣದು ದೊಡ್ಡದು ಗೊತ್ತುಂಟಾ? ಮಂದಿರಕ್ಕೆ ಇದು ಬೇಡ.”

ಹೀಗಾಯಿತು ನನ್ನ ಕಥೆ. ಮರದ್ದು ನಂಬಿಕೆಗೆ ಸಲ್ಲಲಿಲ್ಲವೆಂದು ಹೋಯಿತು, ಇದು ಮಾವ ನಂಬುವ ದೋಟಿಯದೇ ಜಾತಿಯೆಂದು ಹೋಗುತ್ತಿದೆ. ಆದರೆ ನಾನೂ ಆಲಂಕಾರಿನವಳು, ಅಷ್ಟು ಸುಲಭಕ್ಕೆ ಬಿಡುವವಳಲ್ಲ. ಆ ವರ್ಷವಿಡೀ ಗಿಟಾರನ್ನು ಜಗಲಿಯ ಗೋಡೆಗೆ, ಎರಚಲು ಬಡಿಯುವಲ್ಲೇ, ಎಲ್ಲರ ಕಣ್ಣಿಗೆ ಕಾಣುವ ಹಾಗೆ ತೂಗುಹಾಕಿದೆ. ಕಪಾಟಿನ ಬಲ್ಬನ್ನು ತೆಗೆದು ಕೊಟ್ಟಿಗೆಗೆ ಹಾಕಿಸಿದೆ. ತಂತಿಗಳು ತುಕ್ಕು ಹಿಡಿದವು, ಅವು ಉಕ್ಕಿನವು, ಮಳೆಗಾಲ ಕಳೆದ ಮೇಲೆ ಬದಲಾಯಿಸಿದೆ. ಆದರೆ ಒಡಲು, ಕುತ್ತಿಗೆ, ಶ್ರುತಿ? ಜೂನಿನಲ್ಲಿ ನಿಲ್ಲಿಸಿದ ಶ್ರುತಿ ಆಗಸ್ಟ್ ಕೊನೆಯ ಸೋಣ ತಿಂಗಳಿಗೂ ಹಾಗೆಯೇ ಇತ್ತು. ಮಾವ ಬರುವಾಗ ಹೋಗುವಾಗ ಒಂದು ತಂತಿ ಮೀಟಿ, ಹಾರ್ಮೋನಿಯಂನ ಕೀಯೊಂದನ್ನು ಒತ್ತಿ, ತಾಳೆ ನೋಡುತ್ತಿದ್ದುದು ನನಗೆ ಗೊತ್ತಾಗುತ್ತಿತ್ತು. ಗೊತ್ತಿಲ್ಲದವಳ ಹಾಗೆ ಇರುತ್ತಿದ್ದೆ.

ದೀಪಾವಳಿ ಕಳೆದ ಮೇಲೆ ನಮ್ಮಲ್ಲಿ ನಗರ ಭಜನೆ. ಮಂದಿರದ ದೀಪವನ್ನು ಮುಂದಿಟ್ಟುಕೊಂಡು ಸಂಜೆ ಮನೆಮನೆಗೆ ಹೋಗಿ ಹಾಡುವುದು. ಹೊರಟ ದೀಪ ಆ ದಿನದ ಕೊನೆಯ ಮನೆ ಮುಟ್ಟದೆ ಮಂದಿರಕ್ಕೆ ತಿರುಗುವಂತಿಲ್ಲ, ದಾರಿಯಲ್ಲಿ ಹಾಡು ನಿಲ್ಲುವಂತಿಲ್ಲ. ಅದಕ್ಕೆ ಹೊರಡುವ ಮುನ್ನಾದಿನ ಊಟಕ್ಕೆ ಬಡಿಸುತ್ತಾ ಕೇಳಿದೆ:

“ನಗರ ಭಜನೆಗೆ ಮೈಕ್ ಉಂಟಾ ಮಾವ?”

“ಇಲ್ಲ.”

“ವಯರ್ ಉಂಟಾ?”

“ವಯರ್ ಎಲ್ಲಿಂದ?”

“ಮತ್ತೆ?”

ಮಾವ ಅತ್ತೆಯ ಮುಖ ನೋಡಿದರು. “ನನ್ನನ್ನು ಎಂತ ನೋಡುದು? ಸೊಸೆ ಕೇಳಿದ್ದು ನಿಮ್ಮನ್ನು,” ಎಂದು ಅತ್ತೆ ಸಾರಿನ ಪಾತ್ರೆ ತರಲು ಒಳಗೆ ಹೋದರು. ಮಾವ ಎರಡು ತುತ್ತು ಉಂಡು, “ಬಾ. ಆದ್ರೆ ಹಿಂದೆ ನಿಲ್ಲಬೇಕು. ಶ್ರುತಿ ನಂದೇ,” ಎಂದರು.

ಹಿಂದೆಯೇ ನಿಂತೆ. ಮಾವ ಶಾಲಿನಲ್ಲಿ ಹಾರ್ಮೋನಿಯಂ ಕಟ್ಟಿ ಕೊರಳಿಗೆ ತೂಗಿಕೊಂಡು ದೀಪದ ಬೆನ್ನಿಗೆ, ಪಕ್ಕದಲ್ಲಿ ಸೊಂಟಕ್ಕೆ ತಬಲ ಬಿಗಿದ ತಬಲದವರು, ಆಮೇಲೆ ಹಾಡುವವರು, ಎಲ್ಲರ ಬಾಲಕ್ಕೆ ನಾನು. ಮೊದಲ ಕೆಲವು ಮನೆಗಳಲ್ಲಿ ನನ್ನ ಗಿಟಾರು ನುಡಿದದ್ದು ನನಗೊಬ್ಬಳಿಗೇ ಕೇಳಿರಬೇಕು. ಕೊನೆಯ ಮನೆ ರಬ್ಬರ್ ಗುಡ್ಡದ ಆಚೆ. ಗುಡ್ಡದ ನಡುವೆ, ಮುಂದೆಯೂ ಮನೆಯಿಲ್ಲ, ಹಿಂದೆಯೂ ಇಲ್ಲ ಎನ್ನುವಲ್ಲಿ ಮಳೆ ಹಿಡಿಯಿತು. ಅಕಾಲದ ಮಳೆಗೆ ಮಾನ ಮರ್ಯಾದೆ ಎಲ್ಲಿಯದು? ಒಂದು ಹನಿ ಎಚ್ಚರಿಕೆಯನ್ನೂ ಕೊಡದೆ ಕೊಡ ಕವುಚಿದ ಹಾಗೆ ಸುರಿಯಿತು.

ಯಾರೋ ದೀಪಕ್ಕೆ ಛತ್ರಿ ಹಿಡಿದರು. ತಬಲದ ಚರ್ಮ ಎರಡೇ ಏಟಿಗೆ ಒದ್ದೆ ರಟ್ಟಿನ ಹಾಗೆ ‘ಥಪ್’ ಎಂದಿತು. ತಬಲದವರು ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡರು. ಈ ಸಲ ಅವರಿಗೆ ಕುಶಾಲು ಹೊಳೆಯಲಿಲ್ಲ. ಹಾರ್ಮೋನಿಯಂ ಒಂದು ಸಲ ಗೊರಗುಟ್ಟಿ ಸುಮ್ಮನಾಯಿತು. ಮಾವ ಅದನ್ನು ಶಾಲಿನ ಸಮೇತ ಎದೆಗೆ ಅವಚಿಕೊಂಡರು. ಶ್ರುತಿ ಇಲ್ಲದ ಹಾಡು ಕಟ್ಟು ಬಿಚ್ಚಿದ ಹುಲ್ಲಿನಂತೆ ಕೆದರತೊಡಗಿತು. ಒಬ್ಬರು ಮೇಲಕ್ಕೆ, ಒಬ್ಬರು ಕೆಳಕ್ಕೆ. ಇನ್ನೆರಡು ಸಾಲಿಗೆ ನಿಂತೇಹೋಗುತ್ತದೆ ಎನ್ನುವಾಗ ಮಾವ ಹಿಂದಕ್ಕೆ ತಿರುಗಿದರು. ಸಾಲನ್ನು ಸೀಳಿಕೊಂಡು ನನ್ನ ಹತ್ತಿರ ಬಂದರು.

ಬಂದವರು ಮೊದಲು ಆಕಾಶ ನೋಡಿದರು. ಮಿಂಚಿರಲಿಲ್ಲ. ಆಮೇಲೆ ನನ್ನ ತಲೆಯ ನೇರಕ್ಕೆ ಮೇಲೆ ಲೈನ್ ಹೋಗಿದೆಯೋ ಎಂದು ಆಚೆ ಈಚೆ ಟಾರ್ಚ್ ಬಿಟ್ಟು ನೋಡಿದರು. ಇರಲಿಲ್ಲ. ಕೊನೆಗೆ ಹೇಳಿದರು:

“ಶ್ರುತಿ ಕೊಡು ಮಗಳೇ.”

ಮಂಡಳಿಯಲ್ಲಿ ಮಾವ ಇನ್ನೊಬ್ಬರಲ್ಲಿ ಶ್ರುತಿ ಕೇಳಿದ್ದನ್ನು ಯಾರೂ ಕಂಡವರಿಲ್ಲ. ಅಷ್ಟರವರೆಗೆ ಅವರನ್ನು ಹಟಮಾರಿ ಎಂದು ತಿಳಿದಿದ್ದೆ. ನನ್ನ ತಲೆಯ ಮೇಲೆ ಆ ಟಾರ್ಚು ಸುತ್ತಿದಾಗಲೇ ನನಗೆ ಗೊತ್ತಾದದ್ದು, ಈ ಮನುಷ್ಯ ಇಷ್ಟು ದಿನ ಹೆದರಿದ್ದು ನನ್ನ ಜೀವಕ್ಕೆ.

ಕೊಟ್ಟೆ. ಮಳೆಯ ನೀರು ಕಪ್ಪು ಒಡಲ ಮೇಲಿಂದ ಧಾರೆಯಾಗಿ ಇಳಿಯುತ್ತಿತ್ತು, ತಂತಿ ಮೀಟಿದಾಗೆಲ್ಲ ಹನಿಗಳು ಮುಖಕ್ಕೆ ಸಿಡಿಯುತ್ತಿದ್ದವು. ಗಿಟಾರಿನ ಶ್ರುತಿ ಒಂದು ಎಳೆಯೂ ಇಳಿಯಲಿಲ್ಲ, ಏರಲಿಲ್ಲ. ಮಾವನ ದನಿ ಅದಕ್ಕೆ ಸೇರಿತು, ತಬಲದವರು ಚಪ್ಪಾಳೆ ತಟ್ಟುತ್ತಾ ಸೇರಿದರು, ಕೆದರಿದ್ದ ಸಾಲು ಒಂದಾಯಿತು. ನಾನು ಬಾಲದಿಂದ ತಲೆಗೆ ಬಂದೆ. ದೀಪದ ಬೆನ್ನಿಗೇ ನಡೆದೆ. ಕೆಸರಿನಲ್ಲಿ ಚಪ್ಪಲಿ ಎಲ್ಲಿ ಬಿಟ್ಟೆನೋ ಇಂದಿಗೂ ತಿಳಿಯದು. ಕೊನೆಯ ಮನೆಯವರು ಈ ಮಳೆಗೆ ಯಾರೂ ಬರಲಾರರೆಂದು ಚಾಪೆ ಮಡಚಿದ್ದರಂತೆ. ಗುಡ್ಡ ಇಳಿದು ಬರುವ ತಂತಿಯ ಸ್ವರ ಕೇಳಿ ಮತ್ತೆ ಹಾಸಿದರು. ಮಂಗಳ ಮುಗಿದಾಗ ಆ ಮನೆಯ ಅಜ್ಜಿ ಮೊದಲ ಬಿಸಿ ಚಹಾ ತಂದು ಕೊಟ್ಟದ್ದು ನನಗೆ.

ಮರುದಿನ ಎದ್ದು ಜಗಲಿಗೆ ಬಂದರೆ ಮಾವ ಗಿಟಾರನ್ನು ಮಡಿಲಲ್ಲಿಟ್ಟುಕೊಂಡು ಒರೆಸುತ್ತಿದ್ದರು. ಕೈಯಲ್ಲಿದ್ದದ್ದು ದೋಟಿಯ ಪಂಚೆಯ ತುಂಡು. ಅತ್ತೆ ಬಾಗಿಲಲ್ಲಿ ನಿಂತು ನನಗೆ ಕಣ್ಣು ಹೊಡೆದರು.

ಮುಂದಿನ ಶನಿವಾರ ಮಂದಿರದಲ್ಲಿ ನನ್ನ ಮೂಲೆಯ ಛತ್ರಿಯನ್ನು ಮಾವನೇ ಎತ್ತಿ ಹೊರಗಿಟ್ಟರು. ಅಂದು ದೊಡ್ಡ ಭಜನೆ, ಮೈಕಿನವನೂ ಬಂದಿದ್ದ. ನನ್ನ ಗಿಟಾರಿನ ತೂತು ನೋಡಿ ಖುಷಿಯಿಂದ ವಯರ್ ಹಿಡಿದುಕೊಂಡು ಬಂದ. ಹಾರ್ಮೋನಿಯಂನ ಹಿಂದಿನಿಂದ ಮಾವ ಎದ್ದೇ ನಿಂತರು.

“ವಯರ್ ಮುಟ್ಟಬೇಡ ಮಾರಾಯ! ಮೈಕನ್ನು ಬೇಕಾದ್ರೆ ಹತ್ತಿರ ಇಡು. ನಮಗೆ ಇರುದು ಒಬ್ಬಳೇ ಸೊಸೆ.”

ಈ ಸಲವೂ ದೇವರ ಮುಂದೆ ಮಂದಿರವಿಡೀ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಾನೇ ನಕ್ಕೆ. ಮಾವ ಕೂತರು, ನನ್ನ ಕಡೆ ತಿರುಗಿ ತಲೆಯಾಡಿಸಿದರು. ನಾನು ಶ್ರುತಿ ಕೊಟ್ಟೆ.